ಓಮಾಹಾದಲ್ಲಿ ಹೋಮ್ ರನ್ ಕಡಿಮೆಯಾಗಿದ್ದು ದೊಡ್ಡ ಮೈದಾನದಿಂದಲೇ?

ಅಮೆರಿಕದ ಕಾಲೇಜು ಬೇಸ್‌ಬಾಲ್ ಬಗ್ಗೆ ಒಂದು ಮಾತು ಆಗಾಗ ಫಾರ್ವರ್ಡ್ ಆಗುತ್ತದೆ: "2011ರಲ್ಲಿ ಕಾಲೇಜ್ ವರ್ಲ್ಡ್ ಸೀರೀಸ್ ಓಮಾಹಾದ ಹೊಸ, ದೊಡ್ಡ ಮೈದಾನಕ್ಕೆ ಹೋಯಿತು. ಅದಕ್ಕೇ ಹೋಮ್ ರನ್ ನಿಂತುಹೋಯಿತು." ಕಾಲೇಜ್ ವರ್ಲ್ಡ್ ಸೀರೀಸ್ ಅಂದರೆ ಕಾಲೇಜು ತಂಡಗಳ ರಾಷ್ಟ್ರೀಯ ಚಾಂಪಿಯನ್‌ಶಿಪ್ ಟೂರ್ನಿ, ಓಮಾಹಾ ಅದು ನಡೆಯುವ ನೆಬ್ರಾಸ್ಕಾ ರಾಜ್ಯದ ನಗರ. ಹೋಮ್ ರನ್ ಅಂದರೆ ಕ್ರಿಕೆಟ್ಟಿನ ಸಿಕ್ಸರ್ ಹಾಗೆ ಚೆಂಡನ್ನು ಮೈದಾನದ ಬೇಲಿ ದಾಟಿಸುವ ಹೊಡೆತ. ಆ ಮಾತಿನಲ್ಲಿ ಅರ್ಧ ಮಾತ್ರ ನಿಜ.

ಹೋಮ್ ರನ್ ಕುಸಿದದ್ದು ಹೌದು. 2013 ಮತ್ತು 2014ರ ಟೂರ್ನಿಗಳಲ್ಲಿ ಬಂದದ್ದು ತಲಾ ಮೂರೇ ಮೂರು! ಆದರೆ ಹೊಸ ಮೈದಾನದ ಬೇಲಿ ಟೂರ್ನಿ ಮೊದಲು ನಡೆಯುತ್ತಿದ್ದ ಹಳೆಯ ರೋಸನ್‌ಬ್ಲಾಟ್ ಮೈದಾನದಷ್ಟೇ ದೂರದಲ್ಲಿತ್ತು: ಬದಿಗಳಲ್ಲಿ 335 ಅಡಿ, ನಡುವೆ 408 ಅಡಿ. ಹಾಗಾದರೆ ಬದಲಾದದ್ದೇನು?

ಮೊದಲನೆಯದು ಬ್ಯಾಟು. ಅದೇ 2011ರಲ್ಲಿ ಬಿಬಿಕಾರ್ ಎಂಬ ಹೊಸ ನಿಯಮ ಬಂತು. ಲೋಹದ ಬ್ಯಾಟು ಚೆಂಡನ್ನು ಚಿಮ್ಮಿಸುವ ಶಕ್ತಿ ಮರದ ಬ್ಯಾಟಿನ ಮಟ್ಟಕ್ಕೆ ಇಳಿಯಿತು. ಜೊತೆಗೆ ಗಾಳಿ. ಹೊಸ ಮೈದಾನದಲ್ಲಿ ಬ್ಯಾಟರ್ ಚೆಂಡು ಹೊಡೆಯುವುದು ಆಗ್ನೇಯದ ಕಡೆಗೆ. ಜೂನ್ ತಿಂಗಳಲ್ಲಿ ದಕ್ಷಿಣದಿಂದ ಬೀಸುವ ಗಾಳಿ ಎತ್ತರಕ್ಕೆ ಹೋದ ಚೆಂಡನ್ನು ಒಳಗೆ ತಳ್ಳುತ್ತದೆ. ಎಷ್ಟು ಚೆನ್ನಾಗಿ ಹೊಡೆದರೂ ಕ್ಯಾಚ್ ಆದರೆ ಹುಡುಗರಿಗೆ ಬೇಸರವಾಗದೇ ಇರುತ್ತದೆಯೇ?

2015ರಲ್ಲಿ ಚೆಂಡನ್ನೇ ಬದಲಿಸಿದರು. ಉಬ್ಬಿದ ಹೊಲಿಗೆಯ ಬದಲು ಚಪ್ಪಟೆ ಹೊಲಿಗೆ. ಗಾಳಿಯ ತಡೆ ಕಡಿಮೆಯಾಗಿ, ಪ್ರಯೋಗಾಲಯದ ಪರೀಕ್ಷೆಯಲ್ಲಿ ಚೆಂಡು ಸುಮಾರು 20 ಅಡಿ ಜಾಸ್ತಿ ದೂರ ಹೋಯಿತು. ಅದೇ ಮೈದಾನ, ಅದೇ ಬೇಲಿ, ಆದರೂ ಹೋಮ್ ರನ್ ಹೆಚ್ಚಿದವು.

ಹಾಗಂತ ಅಳತೆ ಲೆಕ್ಕಕ್ಕೇ ಇಲ್ಲ ಅಂತಲ್ಲ. ಬೇಲಿ ದೂರವಿದ್ದರೆ ಚೆಂಡು ಬೀಳಲು ಖಾಲಿ ಜಾಗ ಜಾಸ್ತಿ, ಅಲ್ವಾ? ಅಲ್ಲಿ ವೇಗವಾಗಿ ಓಡುವ ಫೀಲ್ಡರ್‌ಗಳು ತಂಡಕ್ಕೆ ದೊಡ್ಡ ಆಸ್ತಿ.