‘ನಾನು ಯಾರು’ ಅನ್ನೋದು ಜಪ ಅಲ್ಲ

‘ನಾನು ಯಾರು’ ಅಂತ ತನ್ನನ್ನೇ ಕೇಳಿಕೊಳ್ಳುವ ಧ್ಯಾನದ ಬಗ್ಗೆ ನೀವು ಬರೆದ ಲೇಖನ ಇಷ್ಟ ಆಯ್ತು. ಆದರೆ ‘ನಾನು ಯಾರು’ ಅಂತ ದಿನಾ ನೂರು ಸಲ ಹೇಳಿಕೊಳ್ಳಿ ಎಂದು ಬರೆದಿದ್ದೀರಲ್ಲ, ಅದನ್ನು ಒಪ್ಪಲಾಗಲಿಲ್ಲ. ನಾನೂ ಮೊದಲ ಎರಡು ವರ್ಷ ಹಾಗೇ ಮಾಡಿದೆ. ಪ್ರಶ್ನೆ ಬಾಯಿಪಾಠ ಆಯ್ತು, ಅಷ್ಟೇ.

ಈ ಪ್ರಶ್ನೆಯನ್ನು ಕಲಿಸಿದ ಸಂತ ರಮಣ ಮಹರ್ಷಿಗಳು ತೋರಿಸಿದ ದಾರಿ ಬೇರೆ. ಯೋಚನೆ ಬಂದಾಗ ಇದು ಯಾರಿಗೆ ಬಂತು ಅಂತ ಕೇಳಬೇಕು. ‘ನನಗೆ’ ಅಂತ ಉತ್ತರ ಬರುತ್ತದೆ. ಆ ‘ನಾನು’ ಎಲ್ಲಿಂದ ಎದ್ದಿತು ಅಂತ ಗಮನ ಹಿಂದಕ್ಕೆ ತಿರುಗಬೇಕು. 1896ರಲ್ಲಿ, ಮದುರೆಯಲ್ಲಿ, 16ನೇ ವಯಸ್ಸಿಗೆ ಇದ್ದಕ್ಕಿದ್ದಂತೆ ಸಾವಿನ ಭಯ ಬಂದಾಗ ಅವರು ಮಾಡಿದ್ದೂ ಇದನ್ನೇ. ಹೆಣದ ಹಾಗೆ ಕೈಕಾಲು ಚಾಚಿ, ಉಸಿರು ಬಿಗಿಹಿಡಿದು ಮಲಗಿದರು. ದೇಹ ಸತ್ತರೆ ನಾನೂ ಸತ್ತ ಹಾಗೇನಾ ಅಂತ ಒಳಗೇ ನೋಡಿದರು.

ನನಗೆ ಇದು ತುಸು ತಿಳಿದದ್ದು ಒಂದು ರಾತ್ರಿ. ಯಾರೋ ಆಡಿದ ಮಾತಿಗೆ ಎದೆ ಉರಿಯುತ್ತಿತ್ತು. ದವಡೆ ಬಿಗಿದಿತ್ತು. ನೋವಾಗಿದ್ದು ಯಾರಿಗೆ ಅಂತ ಕೇಳಿಕೊಂಡು ಸುಮ್ನೆ ಕಾದೆ. ಉತ್ತರ ಬರಲಿಲ್ಲ. ದವಡೆಯ ಬಿಗಿತ ಗೊತ್ತಾಗುತ್ತಿತ್ತು, ಉರಿಯೂ ಗೊತ್ತಾಗುತ್ತಿತ್ತು. ಆದರೆ ಅದನ್ನೆಲ್ಲ ತಿಳಿಯುತ್ತಿದ್ದ ಅರಿವಿಗೆ ಬಿಗಿತವೂ ಇಲ್ಲ, ಉರಿಯೂ ಇಲ್ಲ. ಒಂದೆರಡು ಕ್ಷಣ ಮಾತ್ರ. ಮತ್ತೆ ಅದೇ ಕಥೆ ಶುರು: ಅವರು ಹಾಗಂದರು, ನಾನು ಹೀಗನ್ನಬೇಕಿತ್ತು.

ಆಮೇಲೆ ಆ ಕ್ಷಣವನ್ನೇ ಹುಡುಕಿಕೊಂಡು ತಿಂಗಳುಗಟ್ಟಲೆ ಕೂತೆ. ಹುಡುಕುತ್ತಿರುವುದು ಯಾರು ಅಂತ ಕೇಳುವುದೇ ಮರೆತುಹೋಗಿತ್ತು. ತುಂಬಾ ಜನ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ, ಅಲ್ವಾ?

ದಯವಿಟ್ಟು ಹೊಸಬರಿಗೆ ನೂರರ ಲೆಕ್ಕ ಕೊಡಬೇಡಿ. ಒಂದೇ ಸಲ ಕೇಳಲಿ, ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಲಿ.