ದೇವದೂತನಿಗೆ ಹಗುರತನ ಬರುವುದು ರೆಕ್ಕೆಯಿಂದಲ್ಲ

ರೋಮಿಗೆ ಹೋಗಿಬಂದವರ ಫೋಟೊಗಳಲ್ಲಿ ಟೈಬರ್ ನದಿಯ ಸಾಂತ್ ಆಂಜೆಲೊ ಸೇತುವೆ ಇದ್ದೇ ಇರುತ್ತದೆ. ಎರಡೂ ಬದಿಗೆ ಸಾಲಾಗಿ ಹತ್ತು ದೇವದೂತರು. ನಾನೂ ಅಲ್ಲಿ ನಿಂತು ಫೋಟೊ ತೆಗೆಸಿಕೊಂಡವಳೇ. ಆದರೆ ಈಗ ಯಾರು ರೋಮಿಗೆ ಹೊರಟರೂ ಸಾಂತ್ ಆಂದ್ರೆಯಾ ದೆಲ್ಲೆ ಫ್ರಾತ್ತೆ ಅನ್ನುವ ಚರ್ಚಿಗೆ ತಪ್ಪದೇ ಹೋಗಿ ಅಂತ ದುಂಬಾಲು ಬೀಳುತ್ತೇನೆ.

1667ರಲ್ಲಿ ಪೋಪ್ ಒಂಬತ್ತನೇ ಕ್ಲೆಮೆಂಟ್ ಸೇತುವೆಯ ಮೂರ್ತಿಗಳ ಕೆಲಸವನ್ನು ಇಟಲಿಯ ಹೆಸರಾಂತ ಶಿಲ್ಪಿ ಬೆರ್ನಿನಿಗೆ ವಹಿಸಿದ. ಎಪ್ಪತ್ತರ ಹೊಸ್ತಿಲಲ್ಲಿದ್ದ ಬೆರ್ನಿನಿ ಎಂಟು ಮೂರ್ತಿಗಳನ್ನು ಬೇರೆ ಶಿಲ್ಪಿಗಳಿಗೆ ಹಂಚಿ, ಎರಡನ್ನು ತಾನೇ ಇಟ್ಟುಕೊಂಡ. ಒಬ್ಬನ ಕೈಯಲ್ಲಿ ಯೇಸುವಿನ ಮುಳ್ಳಿನ ಕಿರೀಟ, ಇನ್ನೊಬ್ಬನ ಕೈಯಲ್ಲಿ ಶಿಲುಬೆಯ ಮೇಲಿದ್ದ ಬರಹ. ಅವೆರಡನ್ನೂ ಮಳೆ ಬಿಸಿಲಿಗೆ ಒಡ್ಡಲು ಪೋಪನಿಗೇ ಮನಸ್ಸಾಗಲಿಲ್ಲ. ಸೇತುವೆಗೆ ಪ್ರತಿಗಳು ಬಂದವು. ಮೂಲ ಮೂರ್ತಿಗಳು ಬೆರ್ನಿನಿಯ ಮನೆತನದಲ್ಲೇ ಉಳಿದು, 1729ರಲ್ಲಿ ಈ ಚರ್ಚಿಗೆ ಸೇರಿದವು.

ಅಲ್ಲಿ ಅವು ಎದುರಿಗೇ ಸಿಗುತ್ತವೆ. ಕಿರೀಟ ಹಿಡಿದವನ ಬಟ್ಟೆಯನ್ನು ನೋಡಿ. ಒಳಗಿನ ಮೈಯ ಆಕಾರಕ್ಕೂ ಆ ನೆರಿಗೆಗಳಿಗೂ ಸಂಬಂಧವೇ ಇಲ್ಲ. ಸೊಂಟದಿಂದ ಮೊಣಕಾಲಿನವರೆಗೆ ದೊಡ್ಡ ಸುಳಿಯಂತೆ ತಿರುಗಿಕೊಂಡಿವೆ. ಚರ್ಚಿನೊಳಗೆ ಒಂದಿಷ್ಟೂ ಗಾಳಿ ಇರಲಿಲ್ಲ, ಅಮೃತಶಿಲೆಯ ಆ ಬಟ್ಟೆ ಮಾತ್ರ ಬಿರುಗಾಳಿಯಲ್ಲಿತ್ತು. ಹದಿನೇಳನೇ ಶತಮಾನದ ಯುರೋಪಿನಲ್ಲಿ ಮೆರೆದ, ಚಲನೆ ಮತ್ತು ಭಾವಾವೇಶ ತುಂಬಿದ ಬರೊಕ್ ಶೈಲಿಯ ಶಿಲ್ಪದ ನಿಜವಾದ ಸಾಹಸ ಇದೇ ಅಂತ ನನ್ನ ನಂಬಿಕೆ. ರೆಕ್ಕೆ ಕೆತ್ತುವುದು ಯಾರಿಗಾದರೂ ಸಾಧ್ಯ, ಕಲ್ಲಿನ ಭಾರ ಇಳಿಸುವುದು ಬಟ್ಟೆ. ಆ ಮುಖದ ಸಂಕಟವೂ ನೆರಿಗೆಗಳಲ್ಲೇ ಹರಿಯುತ್ತದೆ.

ದೇವದೂತ ಅಂದಕೂಡಲೇ ಗುಂಡುಗುಂಡಗಿನ ರೆಕ್ಕೆಯ ಮಗು ನೆನಪಾಗುತ್ತದಲ್ಲ, ಅದನ್ನೂ ಬರೊಕ್ ಶಿಲ್ಪಿಗಳು ಧಾರಾಳವಾಗಿ ಕೆತ್ತಿದ್ದಾರೆ. ಗ್ರೀಟಿಂಗ್ ಕಾರ್ಡುಗಳು ಎತ್ತಿಕೊಂಡದ್ದು ಅದನ್ನೇ. ನನಗೆ ಬೇಸರ ಇರುವುದು ಅಲ್ಲೇ. ಈ ಇಬ್ಬರು ಬೆಳೆದವರು, ಕಂಡದ್ದನ್ನು ತಡೆದುಕೊಳ್ಳಲಾಗದೆ ನಿಂತವರು. ಯಾತನೆಯ ವಸ್ತುವನ್ನು ಕೈಯಲ್ಲಿ ಹಿಡಿದು ದುಃಖಿಸುವ ದೇವದೂತ ನಮ್ಮ ಕಣ್ಣಿಗೆ ಬೀಳುವುದೇ ಅಪರೂಪ.

ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿ ಇವುಗಳಿಗಾಗಿ ಬೆರ್ನಿನಿ ಮಾಡಿದ ಜೇಡಿಮಣ್ಣಿನ ಪುಟ್ಟ ಮಾದರಿಗಳಿವೆ. ಬೆರಳಿನ ಗುರುತು ಇನ್ನೂ ಹಾಗೇ ಇದೆ. ಅಷ್ಟು ದೊಡ್ಡ ಬಿರುಗಾಳಿ ಶುರುವಾದದ್ದು ಹಸಿಮಣ್ಣನ್ನು ಒತ್ತಿದ ಒಂದು ಹೆಬ್ಬೆರಳಿನಿಂದ.

ಹೋಗುವವರು ಬೆಳಿಗ್ಗೆಯೇ ಹೋಗಿ. ರೋಮಿನ ಬಹಳಷ್ಟು ಚರ್ಚುಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ.