ಬಾಗಿಲ ಕಡೆಗೆ ತಿರುಗಿ ನಿಲ್ಲುವವರು

ಶುಕ್ರವಾರ ಸಂಜೆ ಸಿನಗಾಗಿನಲ್ಲಿ, ಅಂದರೆ ತಮ್ಮ ಪ್ರಾರ್ಥನಾ ಮಂದಿರದಲ್ಲಿ, ಯಹೂದಿಗಳು ವಾರದ ವಿಶ್ರಾಂತಿಯ ದಿನವಾದ ಶಬ್ಬಾತನ್ನು ಬರಮಾಡಿಕೊಳ್ಳುವ ಪ್ರಾರ್ಥನೆಯಲ್ಲಿ, ಹದಿನಾರನೆಯ ಶತಮಾನದ ಸಫೇದ್ ಪಟ್ಟಣದ ಅನುಭಾವಿ ಶ್ಲೋಮೋ ಅಲ್ಕಬೆಟ್ಸ್ ರಚಿಸಿದ 'ಲೆಖಾ ದೋದಿ' ಎಂಬ ಹಾಡು ಬರುತ್ತದೆ. ಅದರ ಕೊನೆಯ ನುಡಿಗೆ ಸಭೆಯೆಲ್ಲ ಎದ್ದು, ಬಾಗಿಲ ಕಡೆಗೆ ತಿರುಗಿ, ಎಡಕ್ಕೂ ಬಲಕ್ಕೂ ತುಸು ಬಾಗಿ, ಶಬ್ಬಾತನ್ನು ಮದುವಣಗಿತ್ತಿಯೆಂದು ಒಳಗೆ ಕರೆಯುತ್ತದೆ. ಹಳೆಯ ಸಂಪ್ರದಾಯವನ್ನು ಪಾಲಿಸುವ ಸಭೆಗಳಲ್ಲಿ, ಹಾಡು ಮುಗಿದ ಕೂಡಲೇ ಅದೇ ಬಾಗಿಲಿನಿಂದ ಇನ್ನೊಬ್ಬರೂ ಬರುತ್ತಾರೆ: ತಂದೆಯನ್ನೋ ತಾಯಿಯನ್ನೋ ಮಣ್ಣುಮಾಡಿ ಏಳು ದಿನಗಳ ಶೋಕದಲ್ಲಿರುವವರು. ಅಲ್ಲಿಯವರೆಗೆ ಹೊರಗೆ ಕಾದಿದ್ದ ಅವರನ್ನು ಇಡೀ ಸಭೆ ಎದುರುಗೊಂಡು ಸಾಂತ್ವನ ಹೇಳುತ್ತದೆ.

ಬಂದವರನ್ನು ಆದರಿಸುವ ಕೆಲಸವನ್ನು ಯಾರೋ ಕೆಲವರ ಒಳ್ಳೆಯತನಕ್ಕೆ ಬಿಟ್ಟುಬಿಡದೆ ಪ್ರಾರ್ಥನೆಯ ಕ್ರಮದೊಳಗೇ ಸೇರಿಸಿಟ್ಟಿರುವುದು ಯಹೂದಿ ಸಮುದಾಯದ ದೊಡ್ಡ ಸಾಧನೆ ಎಂದು ನಾನು ನಂಬಿದ್ದೇನೆ. ನ್ಯೂಜೆರ್ಸಿಯಲ್ಲಿ ನಮ್ಮ ನೆರೆಮನೆಯವರು ಯಹೂದಿ ಧರ್ಮದ ಉದಾರವಾದಿ ಶಾಖೆಯಾದ ರಿಫಾರ್ಮ್ ಪಂಥದ ಒಂದು ಸಭೆಗೆ ಸೇರಿದವರು. ಅವರು ಕರೆದದ್ದರಿಂದ ಹೋಗತೊಡಗಿದ ನಾನು ಕೆಲವು ವರ್ಷಗಳಿಂದ ಆಗಾಗ ಹೋಗುತ್ತಲೇ ಇದ್ದೇನೆ. ಮತಾಂತರದ ಮಾತನ್ನು ಅಲ್ಲಿ ಯಾರೂ ಇದುವರೆಗೆ ಎತ್ತಿಲ್ಲ. ಅವರ ಪ್ರಾರ್ಥನಾ ಪುಸ್ತಕ ಬಲದಿಂದ ಎಡಕ್ಕೆ ತೆರೆಯುತ್ತದೆ. ಹೀಬ್ರೂ ಪಾಠ, ಅದನ್ನು ಉಚ್ಚರಿಸುವ ಬಗೆ ಮತ್ತು ಇಂಗ್ಲಿಷ್ ಅನುವಾದ ಎದುರುಬದುರು ಪುಟಗಳಲ್ಲಿ ಒಟ್ಟಿಗೇ ಸಿಗುತ್ತವೆ. ಸಭೆಯ ಧರ್ಮಗುರುಗಳಾದ ರಬ್ಬಿಯವರು ಮತ್ತೆ ಮತ್ತೆ ಪುಟಸಂಖ್ಯೆ ಹೇಳುತ್ತಾರೆ. ಆದರೂ ನಾನು ತಡವರಿಸಿದಾಗ ಪಕ್ಕದಲ್ಲಿದ್ದ ಹಿರಿಯ ಮಹಿಳೆಯೊಬ್ಬರು ಹಾಡುವುದನ್ನು ನಿಲ್ಲಿಸದೆಯೇ ನನ್ನ ಪುಸ್ತಕದ ಹಾಳೆ ಮಗುಚಿ ಸರಿಯಾದ ಸಾಲಿನ ಮೇಲೆ ಬೆರಳಿಟ್ಟರು. ಕಾಯಿಲೆಯವರಿಗಾಗಿ ಪ್ರಾರ್ಥಿಸುವ ಹೊತ್ತು ಬಂದಾಗ ರಬ್ಬಿಯವರು ಒಂದೊಂದೇ ಸಾಲಿನ ಕಡೆಗೆ ನೋಡುತ್ತಾ ಹೋಗುತ್ತಾರೆ, ಜನ ತಮ್ಮವರ ಹೆಸರುಗಳನ್ನು ಗಟ್ಟಿಯಾಗಿ ಹೇಳುತ್ತಾರೆ. ಶಿವಮೊಗ್ಗದಲ್ಲಿ ಹಾಸಿಗೆ ಹಿಡಿದಿದ್ದ ನನ್ನ ಚಿಕ್ಕಮ್ಮನ ಹೆಸರನ್ನು ನಾನೂ ಹೇಳಿದೆ. ಮುಂದಿನ ಸಲ ಹೋದಾಗ, ನನಗೆ ಪರಿಚಯವೇ ಇಲ್ಲದ ಒಬ್ಬರು ಬಂದು, ನಿಮ್ಮ ಚಿಕ್ಕಮ್ಮ ಈಗ ಹೇಗಿದ್ದಾರೆ ಎಂದು ಕೇಳಿದರು.

ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಕದ್ದಿಶ್. ಸತ್ತವರಿಗಾಗಿ ಹೇಳುವ ಈ ಪ್ರಾರ್ಥನೆ ಅರಮಾಯಿಕ್ ಭಾಷೆಯಲ್ಲಿದೆ. ಅದರಲ್ಲಿ ಸಾವಿನ ಪ್ರಸ್ತಾಪವೇ ಇಲ್ಲ, ಉದ್ದಕ್ಕೂ ಇರುವುದು ದೇವರ ಮಹಿಮೆಯ ಮಾತು. ತಂದೆತಾಯಿ ತೀರಿಕೊಂಡರೆ ಮಕ್ಕಳು ಹನ್ನೊಂದು ತಿಂಗಳು ಇದನ್ನು ಹೇಳುವುದು ವಾಡಿಕೆ, ಆದರೆ ಸಂಪ್ರದಾಯದಂತೆ ಹತ್ತು ಮಂದಿ ವಯಸ್ಕರು ಕೂಡದೆ ಅದನ್ನು ಹೇಳುವಂತಿಲ್ಲ. ರಿಫಾರ್ಮ್ ಸಭೆಗಳಲ್ಲಿ ಹತ್ತರ ಲೆಕ್ಕ ಅಷ್ಟು ಕಟ್ಟುನಿಟ್ಟಲ್ಲದಿದ್ದರೂ ಅದರ ಹಿಂದಿನ ವಿಚಾರ ಹಾಗೆಯೇ ಉಳಿದಿದೆ: ದುಃಖದಲ್ಲಿರುವವರು ಒಬ್ಬರೇ ಇರಕೂಡದು, ಉಳಿದವರು ತಮಗೆ ಪ್ರಾರ್ಥಿಸುವ ಮನಸ್ಸಿಲ್ಲದಿದ್ದರೂ ಅವರ ಸಲುವಾಗಿ ಬಂದು ನಿಂತು 'ಆಮೆನ್' ಎನ್ನಬೇಕು. ನಮ್ಮಲ್ಲಿ ಸೂತಕವಿರುವಾಗ ದೇವಸ್ಥಾನಕ್ಕೆ ಹೋಗುವುದಿಲ್ಲ. ಊರಿನಲ್ಲಾದರೆ ಅದು ಕೊರತೆಯೆನಿಸದು, ನೆಂಟರಿಷ್ಟರೇ ಮನೆಗೆ ಬರುತ್ತಾರೆ, ಹದಿಮೂರು ದಿನ ಮನೆ ತುಂಬಿರುತ್ತದೆ. ಆದರೆ ವಿದೇಶದಲ್ಲಿ, ಸಮಯಕ್ಕೆ ವಿಮಾನ ಸಿಗದೆ ತಾಯಿಯ ಅಂತ್ಯಕ್ರಿಯೆಯನ್ನು ಮೊಬೈಲಿನಲ್ಲಿ ನೋಡಿ, ಸೋಮವಾರ ಬೆಳಿಗ್ಗೆ ಯಾರಿಗೂ ಹೇಳದೆ ಕೆಲಸಕ್ಕೆ ಹೋದ ಕನ್ನಡಿಗರನ್ನು ನಾನು ಬಲ್ಲೆ. ನಮ್ಮ ದೇವಸ್ಥಾನಗಳಲ್ಲಿ ಯಾರ ಕಣ್ಣಿಗೂ ಬೀಳದೆ ಬಂದು, ದರ್ಶನ ಮುಗಿಸಿ ಹೊರಡುವ ಸ್ವಾತಂತ್ರ್ಯವಿದೆ, ಅದರ ಬೆಲೆ ನನಗೆ ಗೊತ್ತು. ಅಂಥ ಹೊತ್ತಿನಲ್ಲಿ ಮಾತ್ರ ಆ ಸ್ವಾತಂತ್ರ್ಯ ಮನುಷ್ಯನನ್ನು ತೀರಾ ಒಂಟಿಯಾಗಿಸುತ್ತದೆ.

ಈ ಆದರ ಎಲ್ಲರಿಗೂ ಮೊದಲಿನಿಂದಲೂ ಸಿಕ್ಕಿದ್ದೇನಲ್ಲ. ಅಮೆರಿಕದಲ್ಲಿ ಸ್ಯಾಲಿ ಪ್ರಿಸ್ಯಾಂಡ್ ಮೊದಲ ಮಹಿಳಾ ರಬ್ಬಿಯಾಗಿ ದೀಕ್ಷೆ ಪಡೆದದ್ದು 1972ರಲ್ಲಿ. ಅನ್ಯಧರ್ಮೀಯರನ್ನು ಮದುವೆಯಾದವರನ್ನು ದೂರ ತಳ್ಳದೆ ಕುಟುಂಬಸಮೇತ ಬರಮಾಡಿಕೊಳ್ಳಬೇಕೆಂದು ರಿಫಾರ್ಮ್ ಪಂಥದ ನಾಯಕ ಅಲೆಕ್ಸಾಂಡರ್ ಶಿಂಡ್ಲರ್ ಕರೆ ಕೊಟ್ಟದ್ದು 1978ರಲ್ಲಿ. ಹೀಗಾದರೆ ಸಮುದಾಯವೇ ಕರಗಿಹೋದೀತು ಎಂಬ ಭಯ ಆಗಲೂ ಇತ್ತು, ಈಗಲೂ ಇದೆ. 2010ರ ನಂತರ ಮದುವೆಯಾದ ಅಮೆರಿಕದ ಯಹೂದಿಗಳಲ್ಲಿ ಶೇ. 61ರಷ್ಟು ಮಂದಿಯ ಸಂಗಾತಿ ಯಹೂದಿಯಲ್ಲ ಎಂದು ಪ್ಯೂ ಸಂಶೋಧನಾ ಸಂಸ್ಥೆಯ 2020ರ ಸಮೀಕ್ಷೆ ಹೇಳುವಾಗ ಆ ಭಯವನ್ನು ಹಗುರವಾಗಿ ಕಾಣಲಾಗದು. ಆದರೂ ಶಿಂಡ್ಲರ್ ಹಿಡಿದ ದಾರಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ನ್ಯೂಯಾರ್ಕಿನ ಸೆಂಟ್ರಲ್ ಸಿನಗಾಗಿನ ಹಿರಿಯ ರಬ್ಬಿ ಆಂಜೆಲಾ ಬುಕ್ಡಾಲ್ ಹುಟ್ಟಿದ್ದು ಸೋಲ್ ನಗರದಲ್ಲಿ, ಅವರ ತಾಯಿ ಕೊರಿಯಾದ ಬೌದ್ಧರು. ಬಾಗಿಲು ಮುಚ್ಚಿದ್ದರೆ ಅಂಥವರು ಒಳಗೆ ಬರುತ್ತಿದ್ದುದಾದರೂ ಹೇಗೆ?

ತೆರೆದ ಬಾಗಿಲಿಗೆ ತೆರಬೇಕಾದ ಬೆಲೆಯನ್ನೂ ಇಲ್ಲಿ ಹೇಳಲೇಬೇಕು. 2018ರ ಅಕ್ಟೋಬರ್ 27ರ ಶನಿವಾರ ಬೆಳಿಗ್ಗೆ ಪಿಟ್ಸ್‌ಬರ್ಗಿನ ಟ್ರೀ ಆಫ್ ಲೈಫ್ ಸಿನಗಾಗಿನಲ್ಲಿ ಪ್ರಾರ್ಥನೆಗೆ ಬಂದಿದ್ದ 11 ಮಂದಿಯನ್ನು ಬಂದೂಕುಧಾರಿಯೊಬ್ಬ ಕೊಂದ. ನಿರಾಶ್ರಿತರಿಗೆ ನೆರವಾಗುವ ಯಹೂದಿ ಸಂಸ್ಥೆಯ ಮೇಲೆ ಅವನಿಗೆ ದ್ವೇಷವಿತ್ತು, ಆ ಕಟ್ಟಡದಲ್ಲಿ ಸೇರುತ್ತಿದ್ದ ಮೂರು ಸಭೆಗಳಲ್ಲಿ ಒಂದು ಆ ಸಂಸ್ಥೆಯ ಕಾರ್ಯಕ್ರಮದಲ್ಲಿ ಪಾಲುಗೊಂಡಿತ್ತು. ಪರದೇಶಿಯನ್ನು ನೋಯಿಸಬೇಡ ಎಂಬ ಎಚ್ಚರಿಕೆ ಯಹೂದಿಗಳ ಪವಿತ್ರಗ್ರಂಥವಾದ ತೋರಾದಲ್ಲಿ 36 ಸಲ ಬರುತ್ತದೆಂದು, ಹಳೆಯ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮುದ್ ಲೆಕ್ಕ ಹೇಳುತ್ತದೆ. ಅದನ್ನು ಪಾಲಿಸಿದ್ದಕ್ಕೇ ಅವರು ಬಲಿಯಾದರು. ಸತ್ತವರಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ಬುದ್ಧಿಬೆಳವಣಿಗೆಯ ತೊಂದರೆಯಿದ್ದ ಅವರು ಬಾಗಿಲ ಬಳಿ ನಿಂತು ಬಂದವರನ್ನು ನಗುತ್ತಾ ಸ್ವಾಗತಿಸುತ್ತಿದ್ದರು. ಈ ವಿವರ ಓದಿದ ದಿನ ನನಗೆ ಬೇರೆ ಯಾವ ಕೆಲಸವೂ ಸಾಗಲಿಲ್ಲ. 2022ರ ಜನವರಿ 15ರಂದು ಟೆಕ್ಸಸ್‌ನ ಕೊಲಿವಿಲ್‌ನಲ್ಲಿ ಬಾಗಿಲು ತಟ್ಟಿದ ಅಪರಿಚಿತನಿಗೆ ರಬ್ಬಿ ಚಾರ್ಲಿ ಸಿಟ್ರನ್ ವಾಕರ್ ಚಹಾ ಮಾಡಿಕೊಟ್ಟರು. ಅವನು ಅವರನ್ನೂ ಇನ್ನು ಮೂವರನ್ನೂ ಒತ್ತೆಯಾಳಾಗಿಟ್ಟುಕೊಂಡ. ಒಬ್ಬರನ್ನು ಅವನೇ ಬಿಟ್ಟ ಮೇಲೆ, ರಾತ್ರಿಯ ಹೊತ್ತಿಗೆ ರಬ್ಬಿಯವರು ಕುರ್ಚಿ ಎತ್ತಿ ಅವನ ಮೇಲೆ ಎಸೆದು, ಉಳಿದವರೊಂದಿಗೆ ಪಾರಾದರು. ತಾವು ಉಳಿದದ್ದು ಮೊದಲೇ ಪಡೆದಿದ್ದ ಸುರಕ್ಷತಾ ತರಬೇತಿಯಿಂದ ಎಂದು ಅವರು ಬಹಿರಂಗವಾಗಿಯೇ ಹೇಳಿದರು. ನಮ್ಮೂರಿನ ಸಭೆಯ ಬಾಗಿಲಲ್ಲಿಯೂ ಈಗ ಕಾವಲುಗಾರರಿದ್ದಾರೆ, ಚೀಲ ತೆರೆದು ತೋರಿಸಬೇಕು. ಅವರ ಪಕ್ಕದಲ್ಲಿಯೇ ಸಭೆಯ ಸದಸ್ಯರೊಬ್ಬರು ನಿಂತು 'ಶಬ್ಬಾತ್ ಶಾಲೋಮ್' ಎಂದು ಕೈಕುಲುಕುತ್ತಾರೆ. ಕಾವಲಿನ ಜೊತೆಗೂ ಇಂಥ ಸ್ವಾಗತವನ್ನು ಉಳಿಸಿಕೊಳ್ಳುವುದಕ್ಕೆ ದೊಡ್ಡ ಧೈರ್ಯ ಬೇಕು.

ಕೊರತೆಗಳೂ ಇವೆ. ಹೆಚ್ಚಿನ ಸಿನಗಾಗುಗಳು ವಾರ್ಷಿಕ ಸದಸ್ಯತ್ವ ಶುಲ್ಕದಿಂದ ನಡೆಯುತ್ತವೆ, ಆ ಮೊತ್ತ ಸಣ್ಣ ಸಂಬಳದವರಿಗೆ ಭಾರ. ಕೈಲಾದಷ್ಟು ಕೊಡಿ ಎನ್ನುವ ಪದ್ಧತಿಗೆ ಕೆಲವು ಸಭೆಗಳು ಬದಲಾಗಿರುವುದು ಒಳ್ಳೆಯದೇ ಆಯಿತು, ಉಳಿದವೂ ಬದಲಾಗಬೇಕು.

ಪ್ರಾರ್ಥನೆಯ ನಂತರ ದ್ರಾಕ್ಷಾರಸ, ಹಲ್ಲಾ ಎಂಬ ಹೆಣೆದ ಬ್ರೆಡ್ಡು, ಹಣ್ಣು, ಕೇಕು. ಹೊಸಬರು ಮೂಲೆಯಲ್ಲಿ ಒಬ್ಬರೇ ನಿಂತಿದ್ದರೆ ಯಾರಾದರೊಬ್ಬರು ಬಂದು ಮಾತಾಡಿಸಿಯೇ ತೀರುತ್ತಾರೆ. ನಮ್ಮ ಕನ್ನಡ ಕೂಟಗಳಲ್ಲಿ ಊಟಕ್ಕೂ ಹಾಡಿಗೂ ಏನೂ ಕಡಿಮೆಯಿಲ್ಲ. ಆದರೆ ಕಳೆದ ಕೂಟದಿಂದೀಚೆಗೆ ಯಾರ ಮನೆಯಲ್ಲಿ ಸಾವಾಯಿತು, ಯಾರು ಆಸ್ಪತ್ರೆಯಲ್ಲಿದ್ದಾರೆ ಎಂಬುದು ವೇದಿಕೆಯಿಂದ ಕೇಳಿಬರುವುದಿಲ್ಲ. ಪ್ರತಿ ಕಾರ್ಯಕ್ರಮದ ಆರಂಭದಲ್ಲಿ, ಮನೆಯವರ ಒಪ್ಪಿಗೆ ಪಡೆದು, ಆ ಹೆಸರುಗಳನ್ನು ಓದಿ ಎಲ್ಲರೂ ಎದ್ದು ನಿಲ್ಲೋಣ ಎಂದು ನಮ್ಮ ಕೂಟದ ಸಮಿತಿಗೆ ಬರೆದು ಕೊಟ್ಟಿದ್ದೇನೆ. ನಿಮ್ಮ ಊರಿನ ಕೂಟದಲ್ಲಿ ಇಂಥ ಪದ್ಧತಿ ಈಗಾಗಲೇ ಇದ್ದರೆ, ಅದನ್ನು ಹೇಗೆ ನಡೆಸುತ್ತೀರಿ ಎಂದು ದಯವಿಟ್ಟು ಬರೆಯಿರಿ.